ಮೇಲೆ ಕೆಂಡ, ಕೆಳಗೆ ಕೆಂಡ

ಬಾಡಿಸಿದ ಬಾಳೆಲೆಯ ಅಂಚು ಕೆಂಡಕ್ಕೆ ತಾಗಿ ಕಮರುವ ವಾಸನೆ ಬಂದರೆ ಪೂವಮ್ಮನಿಗೆ ಅಜ್ಜಿಯ ಅಡುಗೆಮನೆ ಕಣ್ಣಿಗೆ ಕಟ್ಟುತ್ತಿತ್ತು. ಅಜ್ಜಿ ಅಕ್ಕಿಹಿಟ್ಟನ್ನು ಎಲೆಯ ಮೇಲೆ ತಟ್ಟಿ ಮಣ್ಣಿನ ಚಟ್ಟಿಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಸುರಿಯುತ್ತಿದ್ದಳು. ಕಾಮಾಲೆಯಾಗಿದ್ದ ಅಪ್ಪ ಪಥ್ಯ ಮುರಿದು ಒಂದು ತುಂಡು ಒಣಮೀನು ಕದ್ದು ತಿಂದದ್ದೂ ಅದೇ ಅಡುಗೆಮನೆಯಲ್ಲಿ. ಮೂರನೆಯ ದಿನ ಅಪ್ಪ ಹೋದರು. ಆಗ ಪೂವಮ್ಮನಿಗೆ ಏಳು ವರ್ಷ.

ಈಗ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಅದೇ ಹಳದಿ ಅವಳ ಗಂಡನ ಕಣ್ಣಿಗೆ ಬಂದಿತ್ತು. ಬೆಳ್ಯಪ್ಪ ಹಡಗಿನ ಅಡುಗೆಯವನು. ಮುಂಬಯಿಯಲ್ಲಿ ಇಳಿದು ಸುಳ್ಯದ ಮನೆಗೆ ತಲಪುವಾಗ ನಿಲ್ಲಲೂ ತ್ರಾಣವಿರಲಿಲ್ಲ. ಊರಿನ ನಾಟಿವೈದ್ಯ ಪಂಡಿತರ ಮದ್ದಿಗೆ ಹಳದಿ ಇಳಿಯಿತು. ಪಥ್ಯ ಇನ್ನೂ ಹನ್ನೆರಡು ದಿನ ಬಾಕಿ. ಆದರೆ ಉಪ್ಪಿಲ್ಲದ ಗಂಜಿ ಕಂಡರೆ ಅವನು ಗೋಡೆಗೆ ಮುಖ ಮಾಡುತ್ತಿದ್ದ. ನಾಲ್ಕು ದಿನದಿಂದ ಹೊಟ್ಟೆಗೆ ಬರೀ ನೀರು.

"ಉಣ್ಣದಿದ್ದರೆ ಶಕ್ತಿ ಉಳಿಯುದಿಲ್ಲ. ಉಪ್ಪು ಎಣ್ಣೆ ತಾಗಿದರೆ ಜೀವ ಉಳಿಯುದಿಲ್ಲ," ಎಂದು ಪಂಡಿತರು ಹೇಳಿ ಹೋಗಿದ್ದರು.

ಅವನು ಕೇಳಿದ್ದು ಒಂದೇ. ಪಿಜ್ಜಾ.

"ಎಂತ ಅದು?"

"ಇಟಲಿಯ ರೊಟ್ಟಿ. ಮೇಲೆ ಕೆಂಪು ಗೊಜ್ಜು. ಮೇಲೆ ಕೆಳಗೆ ಎರಡೂ ಕಡೆ ಬೆಂಕಿ. ನೇಪಲ್ಸಿನಲ್ಲಿ ಮೆತ್ತಗೆ, ಮಡಚಿ ತಿನ್ನುದು. ರೋಮಿನಲ್ಲಿ ಹಪ್ಪಳದ ಹಾಗೆ. ಜೆನೋವಾದಲ್ಲಿ ದಪ್ಪ." ಅಷ್ಟು ಹೇಳಿ ಅವನಿಗೆ ಏದುಸಿರು ಬಂತು. ಆದರೆ ನಾಲ್ಕು ದಿನಗಳಲ್ಲಿ ಅವನು ಊಟದ ಮಾತೆತ್ತಿದ್ದು ಅದೇ ಮೊದಲು.

ಪೂವಮ್ಮ ಅತ್ತೆಯನ್ನು ಅವನ ಬಳಿ ಕೂರಿಸಿ ಹೊರಟಳು.

ಸುಳ್ಯದ ಹೋಟೆಲಿನ ತ್ಯಾಂಪಣ್ಣ ಕೇಳಿ ನಕ್ಕ. "ಗೊಜ್ಜು ರೊಟ್ಟಿಯ ಮೇಲೆಯೇ ಉಂಟಾ? ಹಾಗಾದರೆ ಅವರಿಗೆ ಬಟ್ಟಲಿಗೆ ಬರ ಮಾರಾಯ್ತಿ!" ಅವಳ ಮುಖ ಕಂಡದ್ದೇ ನಗು ನಿಲ್ಲಿಸಿದ. "ಪುತ್ತೂರಿನಲ್ಲಿ ಕೇಳಿ ಅಕ್ಕ. ಬಸ್ಸು ನಾನು ನಿಲ್ಲಿಸ್ತೇನೆ," ಎಂದು ರಸ್ತೆಗಿಳಿದು ಕೈ ಅಡ್ಡ ಹಿಡಿದ.

ಪುತ್ತೂರಿನಲ್ಲಿ ಮೂರು ಹೋಟೆಲು ಹತ್ತಿಳಿದಳು. ಮೂರನೆಯದರಲ್ಲಿ ದೇವದಾಸನೆಂಬವನು ಪೂರ್ತಿ ಕೇಳಿಸಿಕೊಂಡು, ಟೊಮೆಟೊ ಹಾಕಿ ದಪ್ಪ ಉತ್ತಪ್ಪ ಹುಯ್ದು ಕಟ್ಟಿಕೊಟ್ಟ. ಎಷ್ಟು ಆಸೆಯಿಂದ ಕೊಟ್ಟನೆಂದರೆ ಬೇಡವೆನ್ನಲು ಬಾಯಿ ಬರಲಿಲ್ಲ. ಮರಳಿ ಸುಳ್ಯದ ಬಸ್ಸಿನಲ್ಲಿ ಕೂತಾಗ ಅದರ ತುಪ್ಪ ಎಲೆ ದಾಟಿ, ಕಾಗದ ದಾಟಿ ಅವಳ ಬೆರಳಿಗೆ ಹತ್ತಿತು. ಇದನ್ನು ಕಂಡರೆ ಬೆಳ್ಯಪ್ಪ ಬಿಡುವವನಲ್ಲ. ಒಂದು ತುತ್ತಿಗೆ ಏನಾದೀತು ಎಂದು ಮನಸ್ಸೂ ಹೇಳಿತು. ಅಪ್ಪನೂ ಹಾಗೇ ಅಂದುಕೊಂಡಿದ್ದರಲ್ಲ! ಪಕ್ಕದಲ್ಲಿದ್ದ ಮುದುಕಿಯ ಮಡಿಲಿಗೆ ಪೊಟ್ಟಣ ಇಟ್ಟು, ಬೆರಳನ್ನು ಸೆರಗಿಗೆ ಮತ್ತೆ ಮತ್ತೆ ಒರೆಸಿದಳು.

ಕುಂಬ್ರದಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ಬಂತು, ಕಮರಿದ ಬಾಳೆಲೆಯ ವಾಸನೆ. ಏಳು ವರ್ಷದ ಹುಡುಗಿಯ ಹೆದರಿಕೆಯೂ ಅದರ ಜೊತೆಗೇ ಬಂತು. ಆದರೂ ಇಳಿದಳು.

ರಸ್ತೆಯ ಬದಿಯ ಚಾದಂಗಡಿಯ ಹಿಂದೆ ಆಸ್ಯಮ್ಮ ಎಂಬ ಬ್ಯಾರಿ ಹೆಂಗಸು ಚಟ್ಟಿಯ ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದಳು. ಪೂವಮ್ಮ ಮತ್ತೊಮ್ಮೆ ಎಲ್ಲ ಹೇಳಿದಳು. ಪಿಜ್ಜಾ ಎಂದರೇನೆಂದು ಆಸ್ಯಮ್ಮ ಕೇಳಲೇ ಇಲ್ಲ.

"ಪಥ್ಯ ಎಂತ ಉಂಟು ಮೋಳೇ?" ಎಂದು ಸ್ವಂತ ಮಗಳನ್ನು ಕೇಳುವ ಹಾಗೆ ಕೇಳಿದಳು.

ಬೆಳಗಿನಿಂದ ಯಾರೂ ಕೇಳದ ಪ್ರಶ್ನೆ. ಪೂವಮ್ಮ ಒಂದೊಂದೇ ಬೆರಳು ಮಡಚಿ ಹೇಳಿದಳು. "ಉಪ್ಪಾಗದು, ಎಣ್ಣೆಯಾಗದು, ಹುಳಿಯಾಗದು, ತೆಂಗಿನಕಾಯಿಯೂ ಆಗದು."

"ಹಾಗಾದ್ರೆ ಈ ಚಟ್ಟಿಯೂ ಆಗದು. ಇದು ಮೀನಿನ ಉಪ್ಪು ಎಣ್ಣೆ ಕುಡಿದ ಚಟ್ಟಿ." ಆಸ್ಯಮ್ಮ ಅಟ್ಟದಿಂದ ಹೊಸ ಚಟ್ಟಿ ಇಳಿಸಿದಳು, ಹಬ್ಬಕ್ಕೆಂದು ತೆಗೆದಿಟ್ಟದ್ದು. ಕೈಯನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ಅಕ್ಕಿಹಿಟ್ಟಿಗೆ ಎಳೆ ಸೌತೆಯನ್ನು ತುರಿದು ಕಲಸಿ ಬಾಳೆಲೆಯ ಮೇಲೆ ತಟ್ಟಿ, ಬೇಯಿಸಿದ ಕೆಂಪು ಹರಿವೆ ಸೊಪ್ಪನ್ನು ಅರೆದು ಮೇಲೆ ಸವರಿ, ಮೇಲೆ ಕೆಳಗೆ ಕೆಂಡ ಹರಡಿ ಬೇಯಿಸಿದಳು. "ಕೆಂಪು ಬೇಕಂತೆ ಅಲ್ವಾ ನಿನ್ನ ಗಂಡನಿಗೆ!"

ಪೂವಮ್ಮ ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಅತ್ತೆ ಕಣ್ಣಲ್ಲೇ 'ಇಲ್ಲ' ಎಂದರು, ಅವನ ಹೊಟ್ಟೆಗೆ ಏನೂ ಸೇರಿರಲಿಲ್ಲ. ಅವಳು ಎಲೆ ಬಿಚ್ಚಿ ಅವನ ಮುಂದಿಟ್ಟಳು. ಬೆಳ್ಯಪ್ಪ ಬಹಳ ಹೊತ್ತು ನೋಡಿದ. ಅವನು ಗೋಡೆಯ ಕಡೆ ತಿರುಗಿದರೆ?

ಅವನು ಕಮರಿದ ಅಂಚನ್ನು ಮುರಿದು ಬಾಯಿಗಿಟ್ಟ. ಜಗಿದ. ನುಂಗಿದ.

"ಉಪ್ಪಿಲ್ಲ," ಎಂದ.

"ಇಲ್ಲ."

"ದಪ್ಪ ಉಂಟು. ಜೆನೋವಾದ್ದು."

ಇನ್ನೊಂದು ತುಂಡು ಮುರಿದ. ಮತ್ತೊಂದು. ಪೂವಮ್ಮ ದೀಪ ಹತ್ತಿರ ತಂದು ಅವನ ಕಣ್ಣಿನ ಬಿಳಿಯನ್ನೇ ನೋಡುತ್ತ ಕೂತಳು. ಅವನು ನೋಡಿದ್ದು ಅವಳ ಒಣಗಿದ ತುಟಿಯನ್ನು. ಏನೂ ಕೇಳದೆ ಉಳಿದ ರೊಟ್ಟಿಯನ್ನು ಎರಡು ಮಾಡಿ, ದೊಡ್ಡ ಪಾಲನ್ನು ಎಲೆಯ ಸಮೇತ ಅವಳ ಕೈಗಿಟ್ಟ.