ಭಾನುವಾರದ ಕಾರುಗಳು

ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಬಾಲ್ಕನಿಯಲ್ಲಿ ಎದುರುಬದುರು ನಿಂತು ಇಬ್ಬರೂ ಒಂದೊಂದು ಕಡೆಗೆ ತಿರುವುತ್ತಿದ್ದರು. ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ ಬಕೆಟ್ಟಿಗೆ ಬೀಳುತ್ತಿತ್ತು. ಮಗಳದು ಮೂಳೆ ಚಕ್ಕಳದ ತೋಳು, ಹಟ ಮಾತ್ರ ಆಳೆತ್ತರದ್ದು. ಹಲ್ಲು ಕಚ್ಚಿ, ನಾಲಿಗೆಯ ತುದಿ ಹೊರಗೆ ಹಾಕಿ ತಿರುವುತ್ತಿದ್ದಳು. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೋ ಎಂದು ಅಪ್ಪ ಅವಳಿಗೆ ‘ಕಡ್ಡಿ’ ಎಂದು ಹೆಸರಿಟ್ಟಿದ್ದ. ಅಪ್ಪ ಮನೆ ಬಿಟ್ಟು ಹೋದ ಮೇಲೂ ಹೆಸರು ಮನೆಯಲ್ಲೇ ಉಳಿದುಕೊಂಡಿತ್ತು.

“ಅಮ್ಮಾ,” ಎಂದಳು ಕಡ್ಡಿ.

“ಹೂಂ?”

“ಅಪ್ಪಂಗೆ ಕಾರು ಸಿಕ್ಕಿಬಿಟ್ರೆ...”

“ಸಿಕ್ಕಿಬಿಟ್ರೆ ಏನೇ?”

“ಏನಿಲ್ಲ. ಇನ್ನೊಂದ್ಸಲ ಹಿಂಡೋಣ.”

ಈಚೆಗೆ ಅವಳ ಮಾತೆಲ್ಲ ಹೀಗೇ. ಗಂಟಲವರೆಗೆ ಬರುವುದು, ಅಲ್ಲಿ ಏನೋ ನೆನಪಾದಂತೆ ನಿಲ್ಲುವುದು, ಬಂದ ದಾರಿಯಲ್ಲೇ ಹಿಂದಿರುಗುವುದು. ಕೆದಕಿ ಕೇಳಬಾರದೆಂದು ತಾಯಿಯೂ ಸುಮ್ಮನಿರುತ್ತಿದ್ದಳು. ಕೆದಕಿದರೆ ಮಗು ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಅದಕ್ಕಿಂತ, ಕೆದಕಿದರೆ ಮಾತು ಹೊರಗೆ ಬಂದುಬಿಟ್ಟೀತು ಎಂಬ ಅಳುಕೂ ಇತ್ತು.

ಒಳಗೆ ಫೋನು ರಿಂಗಾಯಿತು. ಕಡ್ಡಿ ಕೈಯಲ್ಲಿದ್ದ ತುದಿಯನ್ನು ಬಿಟ್ಟು ಓಡಿದಳು. ಬಿಗಿಯಾಗಿ ಸುತ್ತಿಕೊಂಡಿದ್ದ ಹೊದಿಕೆ ಗರಗರನೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

“ಅಮ್ಮಾ, ಅಪ್ಪ! ಇಷ್ಟು ಬೇಗ!”

ತಾಯಿ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಫೋನು ತೆಗೆದುಕೊಂಡಳು.

“ತಿಂಡಿ ಆಯ್ತಾ?” ಎಂದ ಅವನು.

“ಇನ್ನೂ ಬಟ್ಟೆನೇ ಮುಗಿದಿಲ್ಲ.”

“ಆ ಕೆಂಪು ಕಾರು ಬಂದಿದೆಯಂತೆ. ನಮಗೋಸ್ಕರ ಇಟ್ಕೊಂಡಿದ್ದಾರೆ. ಮಧ್ಯಾಹ್ನ ಬೇರೆ ಯಾರೋ ನೋಡೋಕೆ ಬರ್ತಾರಂತೆ. ಸ್ವಲ್ಪ ಬೇಗ ಹೊರಡ್ತೀರಾ? ಇವತ್ತು ಮುಗಿಸಿಬಿಡೋಣ. ಪ್ರತಿ ಭಾನುವಾರ ನಿನಗೂ ಸುಮ್ನೆ ತೊಂದ್ರೆ.”

ತೊಂದರೆ ಏನು ಬಂತು, ಎಂದು ಹೇಳಲು ಬಾಯಿ ತೆರೆದಳು. “ಸರಿ,” ಎಂದು ಹೇಳಿ ಫೋನು ಇಟ್ಟಳು. ಬಾಲ್ಕನಿಗೆ ಹೋಗಿ ಬಿದ್ದ ಹೊದಿಕೆಯನ್ನು ಎತ್ತಿದರೆ ಅಂಚಿಗೆಲ್ಲ ಮಣ್ಣು ಹತ್ತಿತ್ತು. ಮತ್ತೆ ಒಗೆಯಲು ಹೊತ್ತಿರಲಿಲ್ಲ. ಬಕೆಟ್ಟಿಗೆ ತುರುಕಿ ನೀರು ಸುರಿದು ಬಂದಳು.

ಪಕ್ಕದ ಸೀಟಿನಲ್ಲಿ ಕೂತು ಊರಿನವರಿಗೆ ಕಾರು ಓಡಿಸಲು ಕಲಿಸುವುದು ಅವಳ ಕೆಲಸ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅವಳ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಹೆದರಿದ ಅಪರಿಚಿತರ ಪಕ್ಕದಲ್ಲಿ ಕೂತು, “ಕ್ಲಚ್ ಬಿಡಿ, ನಿಧಾನ, ಕನ್ನಡಿ ನೋಡಿ, ಭಯ ಬೇಡ,” ಎನ್ನುತ್ತಿರಬೇಕು. ಅಷ್ಟು ಹತ್ತಿರ ಕೂತು, ಅಷ್ಟು ಸಮಾಧಾನ ಹೇಳಿ, ಕಲಿತ ಮೇಲೆ ಅವರು ರಸ್ತೆಯಲ್ಲಿ ಅವಳನ್ನು ಹಾದು ಹೋಗುತ್ತಾರೆ; ಗುರುತು ಹಿಡಿಯುವುದಿಲ್ಲ. ಅವರ ಮೇಲೆ ಅವಳಿಗೆ ಬೇಜಾರಿಲ್ಲ. ಎದುರಿನ ರಸ್ತೆ ನೋಡಿ ಎಂದು ಹೇಳಿಕೊಟ್ಟವಳು ತಾನೇ ಅಲ್ಲವೇ.

ಕೆಲಸದ ಅಭ್ಯಾಸ ಕೆಲಸದ ಜೊತೆ ಮುಗಿಯಲಿಲ್ಲ, ಅದೇ ಕಷ್ಟವಾಯಿತು. ಕಳೆದ ವರ್ಷ ಒಂದು ಸಂಜೆ ಗಂಡ ಟವಲ್ ಮಡಚುತ್ತಿದ್ದ. “ಹಾಗಲ್ಲ, ಉದ್ದಕ್ಕೆ ಮಡಚು,” ಎಂದಳು. ಅವನು ಟವಲನ್ನು ಮಂಚದ ಮೇಲೆ ಇಟ್ಟ. “ನಿನ್ನ ಪಕ್ಕ ಬದುಕೋದು ಅಂದ್ರೆ ದಿನಾ ಪರೀಕ್ಷೆಗೆ ಕೂತ ಹಾಗೆ,” ಎಂದ. “ಹಾಗಿದ್ರೆ ಕೂರ್ಬೇಡ, ಎದ್ದು ಹೋಗು,” ಎಂದಳು ಅವಳು. ಆಡುವಾಗ ಅದು ಬಾಯಿಮಾತೇ ಆಗಿತ್ತು. ಅವನು ನಿಜಕ್ಕೂ ಎದ್ದು ಹೋದ.

ಅವನದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಂಗಡಿಯ ಮೇಲಿನ ಕೋಣೆಯಲ್ಲೇ ಉಳಿದುಕೊಂಡ. ಶನಿವಾರ ಸಂಜೆ ಬಂದು ಗೇಟಿನ ಹತ್ತಿರ ನಿಲ್ಲುವನು, ಕಡ್ಡಿಯನ್ನು ಪಾರ್ಕಿಗೆ ಕರೆದುಕೊಂಡು ಹೋಗುವನು, ಕತ್ತಲಾಗುವ ಮೊದಲು ಅದೇ ಗೇಟಿಗೆ ತಂದು ಬಿಡುವನು. ಮೆಟ್ಟಿಲು ಹತ್ತುತ್ತಿರಲಿಲ್ಲ. ಬಾಲ್ಕನಿಯಿಂದ ಅವಳಿಗೆ ಅವನ ನೆತ್ತಿ ಕಾಣುತ್ತಿತ್ತು. ನಡುವೆ ಕೂದಲು ಉದುರಿ ಸಣ್ಣಗೆ ಬಯಲಾಗಿತ್ತು. ಒಂದೇ ಮನೆಯಲ್ಲಿದ್ದಾಗ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಹೀಗಿರುವಾಗ ಅಂಗಡಿಯವರು ಊರಿನ ಆಚೆ ತುದಿಯಲ್ಲಿ ಇನ್ನೊಂದು ಅಂಗಡಿ ತೆರೆದು ಅವನನ್ನು ಅಲ್ಲಿಗೆ ಹಾಕಿದರು. ಅದೇ ಹೊತ್ತಿಗೆ ಅವನ ಹಳೆಯ ಕಾರು ರಸ್ತೆಯ ನಡುವೆ ಪ್ರಾಣ ಬಿಟ್ಟಿತು. ಅವನು ಅಳುಕುತ್ತಲೇ ಫೋನು ಮಾಡಿದ್ದ. “ಹೊಸ ಕಾರು ತಗೋಬೇಕು. ದಿನಾ ಓಡಿಸೋಕೆ. ಆದ್ರೆ ಓಡಿಸಿದ ಹಾಗೂ ಅನ್ನಿಸ್ಬೇಕು, ಗೊತ್ತಾಯ್ತಲ್ಲ, ಸ್ವಲ್ಪ ಸ್ಪೋರ್ಟಿ ಥರದ್ದು. ನಂಗೆ ಬಣ್ಣ ಬಿಟ್ರೆ ಬೇರೇನೂ ಗೊತ್ತಾಗಲ್ಲ. ನೀನು ಒಂದ್ಸಲ ಬಂದು ನೋಡ್ತೀಯಾ?”

“ಈ ವಯಸ್ಸಿಗೆ ಸ್ಪೋರ್ಟಿ?” ಎಂದಿದ್ದಳು.

“ಈ ವಯಸ್ಸಿಗೆ ಅಲ್ದೆ ಇನ್ಯಾವ ವಯಸ್ಸಿಗೆ?” ಎಂದಿದ್ದ. ಇಬ್ಬರೂ ನಕ್ಕಿದ್ದರು.

ಒಂದು ಸಲ ಎಂದದ್ದು ಪ್ರತಿ ಭಾನುವಾರವಾಯಿತು. ಕಾರಿಲ್ಲದವನು, ಬಸ್ಸಿನಲ್ಲೇ ಬಂದು ಗೇಟಿನ ಬಳಿ ಕಾಯುವನು. ಮೂವರೂ ಬಸ್ಸು ಹತ್ತಿ, ಉದ್ದನೆಯ ಹಿಂದಿನ ಸೀಟಿನಲ್ಲಿ ಕಡ್ಡಿಯನ್ನು ನಡುವೆ ಕೂರಿಸಿಕೊಂಡು ಹೋಗುವರು. ಷೋರೂಮಿನಲ್ಲಿ ಅವನು ಸ್ಟೇರಿಂಗ್ ಹಿಡಿಯುವನು, ಅವಳು ಪಕ್ಕ, ಮಗಳು ಹಿಂದೆ. ಕೆರೆ ಏರಿಯ ರಸ್ತೆಯಲ್ಲಿ ಒಂದು ಸುತ್ತು. ಅಷ್ಟು ಹೊತ್ತು, ನೋಡಿದವರ ಕಣ್ಣಿಗೆ ಅದೊಂದು ಸಂಸಾರ. ಆಮೇಲೆ ಬಸ್ ಸ್ಟಾಪಿನ ಎದುರು ಐಸ್‌ಕ್ರೀಮು, ಆಮೇಲೆ ಗೇಟು.

ಕಾರು ಮಾತ್ರ ಯಾವುದೂ ಒಪ್ಪಿಗೆಯಾಗಲಿಲ್ಲ. ಒಂದರ ಹಿಂದಿನ ಸೀಟು ಹೊಸ ಚಪ್ಪಲಿಯ ವಾಸನೆ ಹೊಡೆಯುತ್ತದೆ ಎಂದಳು ಕಡ್ಡಿ. ಇನ್ನೊಂದರ ಕಿಟಕಿ ಎಷ್ಟು ಚಿಕ್ಕದೆಂದರೆ ಡಬ್ಬಿಯೊಳಗೆ ಕೂತಂತೆ ಆಗುತ್ತದೆ. ಮತ್ತೊಂದರ ಬಣ್ಣ ಕೆಮ್ಮಿನ ಔಷಧಿಯದು. ಒಂದರ ಹಾರ್ನು ಕೇಳಿ, “ಅಯ್ಯೋ, ಮೇಕೆ!” ಎಂದು ಕಿವಿ ಮುಚ್ಚಿಕೊಂಡಳು.

“ನಿನ್ನ ಮಗಳನ್ನ ಕಾರು ಮಾಡೋರು ಕೆಲಸಕ್ಕೆ ಇಟ್ಕೋಬೇಕು. ಇಲ್ಲಾಂದ್ರೆ ಜೈಲಿಗೆ ಹಾಕ್ಬೇಕು,” ಎಂದಿದ್ದ ಅಪ್ಪ, ಬಸ್ಸಿನಲ್ಲಿ ಮರಳುವಾಗ.

“ನನ್ನ ಮಗಳು ಅಂತೆ! ಕೊಂಕು ತೆಗಿಯೋದು ಯಾರ ಕಡೆಯಿಂದ ಬಂತು?”

“ಅದನ್ನೂ ನಾನೇ ಹೇಳ್ಬೇಕಾ?”

ಒಂದು ವರ್ಷದ ಹಿಂದೆ ಇಷ್ಟು ಮಾತಿಗೆ ಮನೆ ರಣರಂಗವಾಗುತ್ತಿತ್ತು. ಬಸ್ಸಿನಲ್ಲಿ ಅದು ಹಾಸ್ಯವಾಗಿತ್ತು.

ಈ ದಿನ ಮೂವರೂ ಹೋದಾಗ, ಕಾರು ತೋರಿಸುವ ಷೋರೂಮಿನ ಹೆಂಗಸು ಬಾಗಿಲಲ್ಲೇ ಕಾಯುತ್ತಿದ್ದಳು. ಇಡೀ ದಿನ ನಿಂತು ಪಾದ ಊದಿಸಿಕೊಂಡ ನಡುವಯಸ್ಸಿನವಳು. ಗಿರಾಕಿಗಳು ಇಲ್ಲದಾಗ ಶೂನಿಂದ ಹಿಮ್ಮಡಿ ಹೊರಗೆ ತೆಗೆದು ನಿಲ್ಲುತ್ತಿದ್ದಳು. ಈ ಮೂವರನ್ನು ಕಂಡರೆ ಅವಳಿಗೆ ಪ್ರೀತಿ. “ಬನ್ನಿ ಬನ್ನಿ. ಬೇರೆ ಮನೆಯವರು ಬಂದ್ರೆ ಇಲ್ಲೇ ಜಗಳ ಶುರು ಹಚ್ಕೋತಾರೆ. ಗಂಡ ಕೆಂಪು ಅಂದ್ರೆ ಹೆಂಡತಿ ಬಿಳಿ. ನಿಮ್ಮ ಹಾಗೆ ನಗ್ತಾ ಬರೋರು ಅಪರೂಪ ಕಣಮ್ಮಾ,” ಎಂದಳು.

ಅವನು ಸುಮ್ಮನೆ ಗಾಜಿನಾಚೆಗೆ ನೋಡಿದ. ಅವಳು ಮಗಳ ಜಡೆಯ ರಿಬ್ಬನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

ಕೆಂಪು ಕಾರು ಅಂಗಳದಲ್ಲಿ ನಿಂತಿತ್ತು. ನೆಲಕ್ಕೆ ಹತ್ತಿರ, ಮುಂದಕ್ಕೆ ಬಾಗಿ, ಓಟಕ್ಕೆ ಸಿದ್ಧವಾದಂತೆ. ಹಾಗೆಂದು ಬರೀ ಸೊಗಸಲ್ಲ. ಹಿಂದೆ ಕೂತವರ ಮೊಣಕಾಲಿಗೆ ಜಾಗವಿತ್ತು. ಡಿಕ್ಕಿಯಲ್ಲಿ ವಾರದ ಸಾಮಾನು ಹಿಡಿಯುತ್ತಿತ್ತು. ಬಾಗಿಲು ಹಾಕಿದರೆ ‘ದಪ್’ ಎಂದು ಒಂದೇ ಮೆತ್ತನೆಯ ಸದ್ದು. ಅವಳು ಎರಡು ಸಲ ಹಾಕಿ ತೆಗೆದು ನೋಡಿದಳು.

“ಮೇಡಂ ಡ್ರೈವಿಂಗ್ ಕಲಿಸೋರು, ಜೊತೆಗೆ ನಾನ್ಯಾಕೆ? ಹೋಗ್ಬನ್ನಿ,” ಎಂದು ಷೋರೂಮಿನ ಹೆಂಗಸು ಬೀಗದ ಕೈ ಕೊಟ್ಟು ಸ್ಟೂಲಿನ ಮೇಲೆ ಕೂತಳು.

ಅವನು ಎಂದಿನಂತೆ ತಿರುವಿನಲ್ಲಿ ಸ್ವಲ್ಪ ಜೋರಾಗಿಯೇ ಹೋದ. ಅವಳ ಬಲಗಾಲು ಎಂದಿನಂತೆ ನೆಲವನ್ನು ಒತ್ತಿತು.

“ಅಲ್ಲಿ ಬ್ರೇಕಿಲ್ಲ,” ಎಂದ ಅವನು, ರಸ್ತೆಯನ್ನೇ ನೋಡುತ್ತ.

“ಗೊತ್ತು.”

“ಗೊತ್ತಿದ್ದೂ ತುಳೀತೀಯ.”

“ನಂಗೆ ಗೊತ್ತು. ಕಾಲಿಗೆ ಗೊತ್ತಿಲ್ಲ.”

ಅವನು ಜೋರಾಗಿ ನಕ್ಕ. ಹಿಂದೆ ಕೂತ ಕಡ್ಡಿಯೂ ನಕ್ಕಳು. ಆಮೇಲೆ ನಗಬಾರದಿತ್ತೇನೋ ಎಂಬಂತೆ ಥಟ್ಟನೆ ನಿಲ್ಲಿಸಿ, “ಸೀಟು ಚುಚ್ಚುತ್ತೆ,” ಎಂದಳು.

“ಎಲ್ಲಿ ಚುಚ್ಚುತ್ತೆ?”

“ಇಲ್ಲಿ... ಅಲ್ಲ, ಇಲ್ಲಿ. ಒಟ್ನಲ್ಲಿ ಚುಚ್ಚುತ್ತೆ. ಎಸಿ ಜಾಸ್ತಿ ಚಳಿ.”

ಅವನು ಎಸಿ ಕಡಿಮೆ ಮಾಡಿದ.

“ಈಗ ಸೆಖೆ.”

“ಏ ಕಡ್ಡಿ, ನಿನಗೆ ಕಾರು ಬೇಕೋ ಫ್ರಿಜ್ಜು ಬೇಕೋ ಮೊದಲು ಹೇಳು!” ಎಂದು ಅವನು ಮರದ ಕೆಳಗೆ ಕಾರು ನಿಲ್ಲಿಸಿದ. “ನೀನು ಓಡಿಸಿ ನೋಡು,” ಎಂದು ಹೆಂಡತಿಗೆ ಜಾಗ ಬಿಟ್ಟುಕೊಟ್ಟ.

ಬೇರೆಯವರ ಅಂಜಿಕೆಯ ಪಕ್ಕ ಕೂತು ಕೂತು, ತಾನೇ ಓಡಿಸುವುದು ಹೇಗಿರುತ್ತದೆಂದು ಅವಳಿಗೆ ಮರೆತೇ ಹೋಗಿತ್ತು. ಗೇರು ಬೆಣ್ಣೆಯಲ್ಲಿ ಕೈ ಆಡಿಸಿದಂತೆ ಬಿತ್ತು. ತಿರುವಿನಲ್ಲಿ ಕಾರು ಅವಳ ಮನಸ್ಸು ಓದಿದಂತೆ ತಿರುಗಿತು. ಮೂರನೆಯ ಗೇರಿನಲ್ಲಿ ಎಂಜಿನ್ನು ಸಣ್ಣಗೆ ಗುನುಗಿತು. ಏರಿಯ ಮೇಲಿನ ಬೆಳಕು ಬಾನೆಟ್ಟಿನ ಮೇಲೆ ಹರಿದು ಹೋಯಿತು. ಪಕ್ಕದಲ್ಲಿ ಅವನು, ಹಿಂದೆ ಮಗಳು. ಹೀಗೇ ಹೋಗುತ್ತಿದ್ದರೆ ಎಂದು ಅವಳಿಗೆ ಅನ್ನಿಸಿತು. ಯಾವ ಊರಿಗೆ ಎಂದು ಕೇಳುವವರಿಲ್ಲದೆ.

ಆದರೂ ಅಭ್ಯಾಸದಂತೆ ಮನಸ್ಸು ಒಂದು ಕೊಂಕು ಹುಡುಕುತ್ತಿತ್ತು. ಟೈರು ತೆಳು ಎನ್ನಬಹುದು. ಕಾರು ತಗ್ಗು, ಹಂಪ್ಸ್‌ನಲ್ಲಿ ಅಡಿ ತಾಗುತ್ತದೆ ಎನ್ನಬಹುದು. ಹೇಳಲೆಂದು ಗಂಟಲು ಸರಿಮಾಡಿಕೊಂಡು ಕನ್ನಡಿಯತ್ತ ಕಣ್ಣು ಹಾಯಿಸಿದಳು. ಕನ್ನಡಿಯಲ್ಲಿ ಕಡ್ಡಿ ಅವಳನ್ನೇ ನೋಡುತ್ತಿದ್ದಳು. ಕುತ್ತಿಗೆ ಮುಂದೆ ಚಾಚಿ, ತುಟಿ ಬಿಗಿದು, ಹೇಳು ಅಮ್ಮಾ, ಏನಾದರೂ ಹೇಳು ಎಂಬಂತೆ.

ಚಪ್ಪಲಿಯ ವಾಸನೆ, ಔಷಧಿಯ ಬಣ್ಣ, ಮೇಕೆಯ ಹಾರ್ನು, ಎಲ್ಲ ಯಾತಕ್ಕೆಂದು ಅವಳಿಗೆ ಒಮ್ಮೆಗೇ ತಿಳಿಯಿತು. ಅದರ ಬೆನ್ನಿಗೇ ಇನ್ನೊಂದೂ ತಿಳಿಯಿತು, ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಹೋದ ವಾರದ ಕಾರಿಗೆ, “ಕ್ಲಚ್ ಬಿಗಿ, ದಿನಾ ತುಳಿದ್ರೆ ನಿನ್ನ ಮೊಣಕಾಲು ಹೋಗುತ್ತೆ,” ಎಂದು ಹೇಳಿದವಳು ತಾನು. ಆ ಕ್ಲಚ್ ಬಿಗಿಯಾಗಿರಲಿಲ್ಲ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದೂ ಅನ್ನಿಸಿರಲಿಲ್ಲ. ತಾಯಿ ಮಗಳು ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ಪಾಪ, ಅವನು ಮಾತ್ರ ದಿನಾ ಎರಡು ಬಸ್ಸು ಬದಲಾಯಿಸಿ ಕೆಲಸಕ್ಕೆ ಹೋಗುತ್ತಿದ್ದ.

ಗಂಟಲಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಷೋರೂಮಿನ ಅಂಗಳಕ್ಕೆ ಬರುವವರೆಗೆ ಕನ್ನಡಿ ನೋಡಲಿಲ್ಲ.

ಕಾರನ್ನು ಗೆರೆಗೆ ಸರಿಯಾಗಿ ನಿಲ್ಲಿಸಿ ಎಂಜಿನ್ನು ಆರಿಸಿದಳು.

“ಹೇಗಿದೆ?” ಎಂದ ಅವನು.

“ಚೆನ್ನಾಗಿದೆ.”

“ಚೆನ್ನಾಗಿದೆ ಅಂದ್ರೆ?”

“ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ದಿನಾ ಓಡಿಸೋಕೂ ಸರಿ, ನಿನ್ನ ಆಸೆಗೂ ಸರಿ. ತಗೋ.”

ಅವನು ಖುಷಿಪಡುತ್ತಾನೆಂದು ಅವಳು ಎಣಿಸಿದ್ದಳು. ಅವನು ಮುಂದಿನ ಗಾಜನ್ನೇ ನೋಡುತ್ತ ಕೂತ. ಗಾಜಿನ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ.

“ಸರಿಯಾಗಿ ನೋಡಿದ್ಯಾ? ತುಂಬ ತಗ್ಗು ಅಲ್ವಾ? ಹಂಪ್ಸ್‌ಗೆ ತಗಲಲ್ವಾ?”

“ನಿಧಾನಕ್ಕೆ ಹೋದ್ರೆ ತಗಲಲ್ಲ.”

“ಟೈರು? ಸ್ವಲ್ಪ ತೆಳು ಅನ್ನಿಸ್ಲಿಲ್ವಾ ನಿಂಗೆ?”

ಅವಳು ತಿರುಗಿ ಅವನ ಮುಖ ನೋಡಿದಳು. ಬಣ್ಣ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ ಎಂದಿದ್ದವನು. ಅವನು ಸೀಟ್ ಬೆಲ್ಟನ್ನು ಬಿಚ್ಚಲು ಕೈ ಹಾಕಿ, ಬಿಚ್ಚದೆ, ಹಾಗೇ ಹಿಡಿದುಕೊಂಡಿದ್ದ.

“ಟೈರೂ ಚೆನ್ನಾಗಿದೆ,” ಎಂದಳು ಮೆಲ್ಲಗೆ.

ಸ್ಟೂಲಿನ ಮೇಲಿದ್ದ ಷೋರೂಮಿನ ಹೆಂಗಸು ಶೂ ಸರಿಮಾಡಿಕೊಂಡು ಎದ್ದು ನಿಂತಳು. ಅಂಗಳ ದಾಟಿ ಅವರತ್ತ ಬರತೊಡಗಿದಳು. ಬಾನೆಟ್ಟಿನ ಕೆಳಗೆ ಬಿಸಿ ಲೋಹ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಮೂವರಲ್ಲಿ ಯಾರೂ ಬಾಗಿಲು ತೆಗೆಯಲಿಲ್ಲ.

ಕಡ್ಡಿ ಎರಡು ಸೀಟುಗಳ ನಡುವೆ ಮುಂದಕ್ಕೆ ಬಾಗಿ, ಒಂದು ಕೈ ಅಮ್ಮನ ಸೀಟಿನ ಮೇಲೆ, ಒಂದು ಕೈ ಅಪ್ಪನ ಸೀಟಿನ ಮೇಲೆ ಇಟ್ಟಳು.

“ಹಾಗಾದ್ರೆ ಮುಂದಿನ ಭಾನುವಾರ,” ಎಂದಳು, “ನಾವು ಏನು ನೋಡೋಕೆ ಹೋಗೋದು?”