ನಿಂತಾಕಿ

ಹುಲ್ಲು ಕೊಯ್ಯುವವರ ಸೊಂಟಕ್ಕೆ ಸಂಜೆಯಾದರೂ ನೆಟ್ಟಗಾಗುವ ಹಣೆಬರಹವಿಲ್ಲ. ಕಾಶವ್ವನ ಸೊಂಟವಂತೂ ಯಾವತ್ತೋ ಹೋಗಿತ್ತು. ಹಲಸಿ ಊರಿನಾಚೆ ಕಾಡಿನ ಅಂಚಿಗೆ ಎದೆಯೆತ್ತರದ ಹುಲ್ಲು. ಅದರ ಅಲಗು ತಾಗಿ ಮೊಣಕೈವರೆಗೆ ಗೀರು, ಗೀರಿನೊಳಗೆ ಉಪ್ಪು ಬೆವರು. ಕೊಯ್ದಿದ್ದೆಲ್ಲ ಲಾರಿ ಹತ್ತಿ ಬೆಳಗಾವಿಯ ಅನಗೋಳದ ಎಮ್ಮೆ ಕೊಟ್ಟಿಗೆಗಳಿಗೆ ಹೋಗುತ್ತಿತ್ತು. ಪೇಟೆಯವರ ಚಹಾಕ್ಕೆ ಹಾಲು ಬೇಕಲ್ಲ!

ಆ ಹೆಂಗಸರಲ್ಲಿ ಒಂದು ರೂಢಿಯಿತ್ತು. ಎಲ್ಲರೂ ಬಗ್ಗಿದಾಗ ಒಬ್ಬಾಕೆ ನಿಲ್ಲಬೇಕು. ಹಳೇ ಡಬ್ಬಿಯೊಂದನ್ನು ಬಡಿಯುತ್ತ ಕಾಡಿನ ಕಡೆ ಕಣ್ಣಿಟ್ಟಿರಬೇಕು. ಬಗ್ಗಿದ ಮನುಷ್ಯ ಹುಲಿಯ ಕಣ್ಣಿಗೆ ನಾಲ್ಕು ಕಾಲಿನ ಪ್ರಾಣಿಯಾಗಿಯೇ ಕಾಣುತ್ತಾನೆ ಅನ್ನುವುದು ಆ ಸೀಮೆಯ ಕೂಸಿಗೂ ಗೊತ್ತು. ನಿಂತಾಕಿಯ ಪಾಲಿನ ಹೊರೆಯನ್ನು ಉಳಿದವರು ಕೊಯ್ದು ಕಟ್ಟುತ್ತಿದ್ದರು.

ಎಪ್ಪತ್ತೆಂಟನೇ ಇಸವಿಯಲ್ಲಿ ಹುಲ್ಲಿನ ಗುತ್ತಿಗೆ ಹಿಡಿದ ಬಾಳಾಸಾಹೇಬನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಅವತ್ತು ನಿಲ್ಲುವ ಸರದಿ ಕಾಶವ್ವನದು.

“ಏ ಕಾಶವ್ವ, ಡಬ್ಬಿ ಬಡ್ಯಾಕ ನಾ ಕೂಲಿ ಕೊಡ್ಲೇನು? ಇಲ್ಲೇನು ಭಜನಿ ನಡದೈತಿ? ಕುಡಗೋಲ ಹಿಡಿ.”

“ಹುಲಿ ಐತ್ರಿ ಸಾವಕಾರ್ರ. ಮೊನ್ನಿ ದನಾ ಹಿಡದೈತಿ.”

“ಇಷ್ಟ ಮಂದಿ ಅದೀರಿ, ಅದೇನ ಮಾಡತೈತಿ? ನಿಂತಾಕಿಗೆ ಕೂಲಿ ಇಲ್ಲ. ನಾಳಿಂದ ಕೆಲಸಾನೂ ಇಲ್ಲ, ಹೇಳಿರ್ತೀನಿ.”

ಮನೆಯಲ್ಲಿ ಹಿಟ್ಟಿನ ಗಡಿಗೆ ಖಾಲಿಯಿತ್ತು. ಕಾಶವ್ವ ಡಬ್ಬಿಯನ್ನು ಪೊದೆಯ ಬುಡಕ್ಕಿಟ್ಟು ಬಗ್ಗಿದಳು.

ಅಂಚಿನ ಸಾಲಿನಲ್ಲಿದ್ದವಳು ಅವಳ ನೆಗೆಣ್ಣಿ, ಮೈದುನನ ಹೆಂಡತಿ ಸಾವಂತ್ರವ್ವ. ಪಾಪ, ಆಕೆಗೆ ಕೂಗಲೂ ಆಗಲಿಲ್ಲ. ಹುಲ್ಲು ಜೋರಾಗಿ ಅಲುಗಿತು, ಅಷ್ಟೇ. ಕಾಶವ್ವ ತಲೆಯೆತ್ತುವುದರೊಳಗೆ ಅಲ್ಲಿ ಕುಡಗೋಲು ಮಾತ್ರ ಬಿದ್ದಿತ್ತು. ಊರವರು ಬಡಿಗೆ ಹಿಡಿದು ಕಾಡು ಹೊಕ್ಕು ಹೆಣ ತಂದರು. ಆಕೆ ಕೊಯ್ದಿಟ್ಟ ಹುಲ್ಲನ್ನೂ ಬಾಳಾಸಾಹೇಬ ಅಂದೇ ಲಾರಿಗೆ ಹೇರಿಸಿದ. ಅದೊಂದನ್ನಾದರೂ ಬಿಡಬಾರದಿತ್ತೇ, ಪಾಪಿ!

ಖಾನಾಪುರದಿಂದ ಜೀಪಿನಲ್ಲಿ ಬಂದ ಅರಣ್ಯದ ಸಾಹೇಬರು ಹೆಜ್ಜೆ ಗುರುತು ನೋಡಿದರು.

“ಬಗ್ಗಿದ್ದಕ್ಕ ಹಿಂಗಾತು. ಕಾಡಿನ ಬಾಜೂಕ ಬಗ್ಗಬಾರದು. ಅಷ್ಟೂ ತಿಳೀದಿಲ್ಲೇನು ನಿಮಗ?”

“ಎಷ್ಟ ಹೇಳಿದ್ರೂ ಕೇಳೂದಿಲ್ಲ ನೋಡ್ರಿ ಸಾಹೇಬ್ರ, ಇವು,” ಅಂದ ಬಾಳಾಸಾಹೇಬ.

ಬಗ್ಗದೆ ಹುಲ್ಲು ಕೊಯ್ಯುವ ವಿದ್ಯೆ ಯಾವ ಸಾಲಿಯಲ್ಲಿ ಕಲಿಸುತ್ತಾರೋ! ತಾನು ನಿಂತಿದ್ದರೆ ಸಾವಂತ್ರವ್ವ ಬದುಕಿರುತ್ತಿದ್ದಳು ಅನ್ನುವುದೊಂದೇ ಕಾಶವ್ವನ ತಲೆಯಲ್ಲಿ ಸುತ್ತುತ್ತಿತ್ತು.

ಮಣ್ಣು ಮಾಡಿ, ಮೂರು ದಿನದ ಕಾರ್ಯ ಮುಗಿಸಿ, ಹೆಂಗಸರು ಮತ್ತೆ ಅದೇ ಹುಲ್ಲಿಗೆ ಬಂದರು. ಹೊಟ್ಟೆ ಸೂತಕ ಕೇಳುವುದಿಲ್ಲ. ಪೊದೆಯ ಬುಡದಲ್ಲಿ ಡಬ್ಬಿ ಇಟ್ಟಲ್ಲೇ ಇತ್ತು. ಕಾಶವ್ವ ಎತ್ತಿಕೊಂಡಳು.

“ಮತ್ತ ಸುರು ಆತೇನು? ಬಗ್ಗ್ರಿ, ಹೊತ್ತಾತು!”

“ನನಗ ಸಾಕಾಗೈತ್ರಿ ಸಾವಕಾರ್ರ,” ಅಂದಳು ಕಾಶವ್ವ. ದನಿ ಏರಲೇ ಇಲ್ಲ. “ಬಗ್ಗಬಾರದಂತ ಸಾಹೇಬ್ರ ಹೇಳ್ಯಾರಲ್ಲ.”

“ಹಂಗಾರ ಮನಿಗೆ ನಡಿ. ಉಳದಾವ್ರು ಬಗ್ಗ್ರಿ!”

ಒಬ್ಬರೂ ಬಗ್ಗಲಿಲ್ಲ. ಜೊತೆಗೆ ಕೊಯ್ಯುವ ಬಾಳವ್ವ ಕಣ್ಣೊರೆಸಿಕೊಂಡು ಕಾಶವ್ವನ ಬಾಜುವಿಗೆ ಬಂದು ನಿಂತಳು. ಉಳಿದವರೂ ಬಂದರು. ಎಲ್ಲರ ಮುಖದಲ್ಲೂ ದಣಿವು, ಕೈಯಲ್ಲಿ ಕುಡಗೋಲು.

ಬಾಳಾಸಾಹೇಬನ ಸಿಟ್ಟು ನೆತ್ತಿಗೇರಿತು. ಬಾಳವ್ವನ ಕುಡಗೋಲು ಕಸಿದುಕೊಂಡ.

“ನಿಮ್ಮನ್ನ ಬಿಟ್ರ ಹುಲ್ಲ ಕೊಯ್ಯಾವ್ರ ಇಲ್ಲಂತ ತಿಳದೀರೇನು? ನಾನ ಕೊಯ್ತೀನಿ!”

ದಾಪುಗಾಲು ಹಾಕಿ ಅಂಚಿನ ಸಾಲಿಗೆ ಹೋದ. ಬಗ್ಗಿದ. ಎದುರಿನ ಹುಲ್ಲು ಅಲುಗಿತು. ಗಾಳಿಯೋ ಏನೋ. ತಟ್ಟನೆ ಎದ್ದು ನಿಂತವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಕಾಶವ್ವ… ಏ ಯವ್ವಾ, ಡಬ್ಬಿ ಬಡೀ!”

ಕಾಶವ್ವ ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

“ನಿಂತಾಕಿಗೆ ಕೂಲಿ ಇಲ್ಲಲ್ರೀ ಸಾವಕಾರ್ರ.”