ಗಾಜಿನ ಮೇಲೆ ಮೂರು ಹಾಳೆ

ನಾನು ಒಂದು ಗಾಜಿನ ಮೇಜು. ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್ಕಿನ ಬಡಗಿ ಶಾಲೆಯಲ್ಲಿ ಹುಟ್ಟಿದೆ. ಸಾಗವಾನಿಯ ನಾಲ್ಕು ಕಾಲು, ಮೇಲೆ ದಪ್ಪ ಗಾಜು, ಗಾಜಿನಡಿ ಎರಡು ಟ್ಯೂಬ್‌ಲೈಟು. ನಕ್ಷೆ ಕಲಿಸುವ ಗುರುಬಸಪ್ಪ ಮಾಸ್ತರು ಮೊದಲ ದಿನವೇ ನನ್ನನ್ನು ಹಳೆಯ ಧೋತರದ ತುಂಡಿನಿಂದ ಒರೆಸಿದರು. ಒಂದೇ ಕಟ್ಟಡದ ತೊಲೆ, ಗಾಳಿಯ ಡಕ್ಟು, ನೀರಿನ ಪೈಪು, ಈ ಮೂರರ ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ದೀಪ ಹಚ್ಚಿ, ಎಲ್ಲಿ ಡಿಕ್ಕಿ ಹೊಡೆಯುತ್ತವೆಂದು ಮಕ್ಕಳಿಂದ ಹುಡುಕಿಸುತ್ತಿದ್ದರು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಬರೀ ಗದ್ದಗಳು, ಮೂಗಿನ ಹೊಳ್ಳೆಗಳು.

ಇಪ್ಪತ್ತಾರು ವರ್ಷದ ಮೇಲೆ, ಇಡೀ ಕಟ್ಟಡವನ್ನು ಕಂಪ್ಯೂಟರಿನಲ್ಲೇ ಮೊದಲು ಕಟ್ಟಿ ನೋಡುವ ‘ಬಿಮ್’ ಪಾಠ ಬಂತು. ಅದರ ಪರೀಕ್ಷೆ ಪಾಸಾಗದ ಶಿಕ್ಷಕರು ಪಾಠ ಬಿಟ್ಟು ಸ್ಟೋರ್ ರೂಮು ನೋಡಿಕೊಳ್ಳಬೇಕು ಎಂದರು ಪ್ರಿನ್ಸಿಪಾಲರು. ಕಲಿಸಲು ಬಂದವಳು ಅಫ್ರೀನ್, ಮಾಸ್ತರ ಹಳೆಯ ವಿದ್ಯಾರ್ಥಿನಿ. ಹಿಂದೊಮ್ಮೆ ನನ್ನ ಮೇಲೆ ಇಂಕು ಚೆಲ್ಲಿ ಅತ್ತಿದ್ದಳು.

ಮಾಸ್ತರು ಎರಡು ವಾರ ಕೂತು ಒಂದು ಆಸ್ಪತ್ರೆಯ ಮಾದರಿ ಮಾಡಿದರು. ಕಂಪ್ಯೂಟರು ಇನ್ನೂರ ಹನ್ನೆರಡು ಡಿಕ್ಕಿ ತೋರಿಸಿತು. ಅಫ್ರೀನ್ ಮಾದರಿಯನ್ನು ಪಕ್ಕಕ್ಕೆ ತಿರುಗಿಸಿ ನಕ್ಕುಬಿಟ್ಟಳು.

“ಸರ್, ತೊಲಿ, ಡಕ್ಟು, ಪೈಪು ಎಲ್ಲಾ ನೆಲದ ಮ್ಯಾಲ ಮಲಗ್ಯಾವ್ರೀ! ಎತ್ತರಾನ ಕೊಟ್ಟಿಲ್ಲ ನೀವು.”

“ಎತ್ತರ ನನ್ನ ತಲ್ಯಾಗ ಇರ್ತಿತ್ತು ತಂಗಿ. ಹಾಳಿ ಮ್ಯಾಲ ಯಾವತ್ತೂ ಇರಲಿಲ್ಲ.” ಅವರ ದನಿ ಇಳಿಯಿತು. “ಸ್ಟೋರಿಗೇ ಹೋಗ್ತೀನಿ ಬಿಡು.”

“ಇಂಕು ಚೆಲ್ಲಿದಾಗ ನೀವು ನನ್ನ ಹೊರಗ ಕಳಿಸಿದ್ರೇನು? ಏಳ್ರಿ ಸರ್.”

ಅವಳು ನನ್ನ ಮೂಲೆಗಳಲ್ಲಿ ಸೀಮೆಸುಣ್ಣದ ಡಬ್ಬಿಗಳನ್ನು ಪೇರಿಸಿ, ಹಾಳೆಗಳನ್ನು ಮೂರು ಅಂತಸ್ತಿನಲ್ಲಿ ಬಿಗಿಯಾಗಿ ಅಂಟಿಸಿದಳು. ಕೆಳಗೆ ಪೈಪು, ನಡುವೆ ಡಕ್ಟು, ಮೇಲೆ ತೊಲೆ. ಮಾಸ್ತರು ಮಂಡಿಯೂರಿ ಇಣುಕಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಪಕ್ಕದಿಂದ ನೋಡಿದ್ದು ಅದೇ ಮೊದಲು.

ಪರೀಕ್ಷೆಯ ದಿನ ಡಿಕ್ಕಿ ಸೊನ್ನೆ. ಆದರೂ ಅವರು ಒಂದು ಪೈಪನ್ನು ಗೇಣಷ್ಟು ಕೆಳಗಿಳಿಸಿದರಂತೆ.

“ವಾಲ್ವ್ ತಿರುಗಸಾಂವನ ಕೈ ಒಳಗ ಹೋಗಬೇಕಲ್ರೀ,” ಎಂದರಂತೆ. ನನ್ನ ಪಕ್ಕ ನಿಂತು ಪ್ರಿನ್ಸಿಪಾಲರಿಗೆ ಅದನ್ನು ಹೇಳುವಾಗ ಅಫ್ರೀನಳ ಕಣ್ಣು ತುಂಬಿತ್ತು.

ಮಾಸ್ತರು ಪಾಠಕ್ಕೇ ಉಳಿದರು. ಹೊಸ ಕಂಪ್ಯೂಟರುಗಳಿಗೆ ಜಾಗ ಬೇಕಿತ್ತು; ಸ್ಟೋರಿಗೆ ಹೋದದ್ದು ನಾನು. ಒಂದು ಟ್ಯೂಬು ಸುಟ್ಟಿದೆ, ಒಂದು ಕಾಲು ಅಲುಗುತ್ತದೆ. ಆದರೆ ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಬೀಗ ತೆಗೆಯುವ ಸದ್ದಾಗುತ್ತದೆ. ಮಾಸ್ತರ ಕಂಕುಳಲ್ಲಿ ಡಬ್ಬಿಗಳಿರುತ್ತವೆ.

“ಕಂಪ್ಯೂಟರ್ ಆಮ್ಯಾಲ. ಮೊದಲ ಬಗ್ಗಿ ಪಕ್ಕದಿಂದ ನೋಡ್ರಿ.”

ಮಕ್ಕಳು ಬಗ್ಗುತ್ತಾರೆ. ಇಷ್ಟು ಕಾಲ ಗದ್ದಗಳನ್ನೇ ಕಂಡ ನನ್ನ ಮಟ್ಟಕ್ಕೆ, ಆಗ, ಅವರ ಕಣ್ಣುಗಳು ಬರುತ್ತವೆ.